ಮೋಟಾರು ದುರಸ್ತಿಯವನ ಕಾಯಕ

ಕಾಯಕವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಹನ್ನೆರಡನೆಯ ಶತಮಾನದ ಶರಣಸಮೂಹವು ಮೂಡಿ ನಿಲ್ಲುವದು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆಯ ಮೈಲಿಗೆಯನ್ನು ಕಳೆದ ಮಡಿವಾಳ ಮಾಚಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಮರಗೆಲಸದ ಬಾಚಿಯನ್ನೇ ಹೆಸರಿನಲ್ಲಿ ಹೊತ್ತ ಬಾಚಿಕಾಯಕದ ಬಸವಯ್ಯ, ಇವರೆಲ್ಲರ ಹೆಸರಿನೊಡನೆ ಇವರ ಕಸುಬೂ ಬೆಸೆದುಕೊಂಡು ಬಂದಿರುವದು. ಕಸುಬನ್ನು ಮರೆಸಿ ದೊಡ್ಡವರಾದವರಲ್ಲ ಇವರು. ಕಸುಬಿನಲ್ಲಿಯೇ ನಿಂತು ದೊಡ್ಡವರಾದವರು. ಆದರೆ ಅಂದು ಇಲ್ಲದಿದ್ದ ಎಷ್ಟೋ ಉದ್ಯೋಗಗಳು ಇಂದು ನಮ್ಮ ನಡುವೆ ಹುಟ್ಟಿಕೊಂಡಿವೆ. ಅವುಗಳ ಹೆಸರಿನ ಶರಣರಿಲ್ಲ, ಅವುಗಳ ಪುರಾಣವಿಲ್ಲ. ಅವು ಕಾಯಕವಾಗಬಲ್ಲವೋ ಅಥವಾ ಬರಿಯ ಹೊಟ್ಟೆಪಾಡೋ ಎಂಬುದನ್ನು ವಿಚಾರಿಸುವದು ಗೃಹಸ್ಥ ಭಕ್ತರಿಗೆ ಅವಶ್ಯವಾದುದು. ಮೋಟಾರು ವಾಹನಗಳ ದೋಷವನ್ನು ಕಂಡುಹಿಡಿದು ದುರಸ್ತಿ ಮಾಡುವ ಉದ್ಯೋಗವು ಅಂಥವುಗಳಲ್ಲಿ ಒಂದು. ಈ ಸಲ ಅದನ್ನೇ ಚಿಂತನೆಗೆ ತೆಗೆದುಕೊಳ್ಳೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಗ್ಯಾರೇಜು ಇಲ್ಲದ ಊರುಬಾಗಿಲು ಇಂದು ವಿರಳ. ನಿಪ್ಪಾಣಿಯನ್ನು ಮುಟ್ಟಿ ಪುಣೆ-ಬೆಂಗಳೂರು ಹೆದ್ದಾರಿ ಹಗಲಿರುಳು ಹರಿಯುತ್ತಿರುವದು. ಕಾಗವಾಡ, ಅಥಣಿಗಳ ಜನರಿಗೆ ಮಿರಜ-ಸಾಂಗಲಿಗಳು ನೆರೆಮನೆಯಂತೆ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕೃಷ್ಣಾತೀರದ ರಸ್ತೆಗಳಲ್ಲಿ ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳ ಸಾಲು ಬೆಳಗಾಗುವವರೆಗೂ ಕಡಿಯುವದಿಲ್ಲ. ಬಸುರಿಯನ್ನು ದವಾಖಾನೆಗೆ ಒಯ್ಯುವ ಗಾಡಿ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿ, ಮಾರುಕಟ್ಟೆಗೆ ಕಾಯಿಪಲ್ಯ ಹೊರುವ ಗಾಡಿ, ಇವುಗಳಲ್ಲಿ ಯಾವುದು ಕೆಟ್ಟು ನಿಂತರೂ ನಾವು ಹುಡುಕುವದು ಎಣ್ಣೆಗೈಯ ಮಿಸ್ತ್ರಿಯನ್ನೇ. ನಮ್ಮ ಜೀವವು ಅವನ ಕೈಯಲ್ಲಿರುವದೆಂಬುದು ಅತಿಶಯೋಕ್ತಿಯಲ್ಲ. ಆದರೂ ಅವನ ಕೆಲಸದೊಳಗೆ ಇರುವ ಧರ್ಮವನ್ನು ನಾವು ಕುರಿತು ನೋಡಿದ್ದು ಕಡಿಮೆ.

ಶರಣರಲ್ಲಿ ವೈದ್ಯ ಸಂಗಣ್ಣನೆಂಬವರಿದ್ದರು. ರೋಗಿಗೆ ಔಷಧ ಕೊಡುವದೇ ಅವರ ಕಾಯಕ. ಮೋಟಾರು ದುರಸ್ತಿಯವನ ಹತ್ತಿರದ ನೆಂಟನನ್ನು ಶರಣಸಮೂಹದಲ್ಲಿ ಹುಡುಕುವದಾದರೆ ಈ ಸಂಗಣ್ಣನವರ ಬಳಿಗೇ ಹೋಗಬೇಕಾಗುವದು. ಏಕೆಂದರೆ ಇಬ್ಬರ ಕೆಲಸದಲ್ಲಿಯೂ ಕೈಗಿಂತ ಮೊದಲು ಅರಿವು ನಡೆಯಬೇಕು. ರೋಗವನ್ನರಿಯದೆ ಕೊಟ್ಟ ಔಷಧವೂ ದೋಷವನ್ನರಿಯದೆ ಬದಲಿಸಿದ ಭಾಗವೂ ಒಂದೇ ಜಾತಿಯವು.

ಒಳ್ಳೆಯ ಮಿಸ್ತ್ರಿಯು ಗಾಡಿ ಬಂದೊಡನೆ ಪಾನಾ ಹಿಡಿಯುವದಿಲ್ಲ. ಮೊದಲು ಕೇಳುವನು: ಎಂದಿನಿಂದ ಹೀಗಾಗಿದೆ? ತಣ್ಣಗಿದ್ದಾಗಲೋ, ಕಾದ ಮೇಲೋ? ಏರಿನಲ್ಲೋ, ಇಳಿಜಾರಿನಲ್ಲೋ? ಆಮೇಲೆ ಯಂತ್ರವನ್ನು ಚಾಲು ಮಾಡಿಸಿ ಸುಮ್ಮನೆ ನಿಂತು ಆಲಿಸುವನು. ಹಿಂದಕ್ಕೆ ಹೋಗಿ ಹೊಗೆಯನ್ನು ನೋಡುವನು. ಹೊಗೆ ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿದೆ ಇಲ್ಲವೆ ಗಾಳಿ ಸಾಲದೆಂದು ತಿಳಿಯುವನು. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದ್ದರೂ ಹೀಗಾಗುವದು. ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಒಳಗೆ ಸುಡುತ್ತಿದೆ, ಪಿಸ್ಟನ್ ರಿಂಗುಗಳು ಸವೆದಿರಬಹುದು ಎಂದು ಊಹಿಸುವನು. ಬಿಳಿಯಾಗಿ, ನಿಲ್ಲದೆ ಬರುತ್ತಿದ್ದರೆ ನೀರು ಒಳಸೇರಿದೆಯೋ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲವೋ ಎಂದು ಶೋಧಿಸುವನು. ಚಳಿಗಾಲದ ಮುಂಜಾನೆ ಕ್ಷಣಕಾಲ ತೋರಿ ಮಾಯವಾಗುವ ಬಿಳಿಯ ಆವಿಯಾದರೋ ದೋಷವೇ ಅಲ್ಲ. ಹೀಗೆ ಕಣ್ಣು, ಕಿವಿ, ಮೂಗು, ಕೈ ಎಲ್ಲವೂ ಒಂದೇ ಪ್ರಶ್ನೆಯಲ್ಲಿ ನೆಲೆಗೊಂಡು ನಿಲ್ಲುವವು. ಇಂದ್ರಿಯಗಳನ್ನು ಹರಿಬಿಡದೆ ಒಂದೆಡೆಗೆ ತರುವದನ್ನು ನಾವು ಪೂಜೆಯಲ್ಲಿ ಅಭ್ಯಾಸ ಮಾಡುವೆವು. ಅವನು ಕಾಯಕದಲ್ಲಿ ಅದನ್ನೇ ಮಾಡುತ್ತಿರುವನು.

ಅರಿವಿನಲ್ಲಿ ಅವಸರಕ್ಕೆ ಎಡೆಯಿಲ್ಲ. ಇಂಜಿನ್ ಅತಿಯಾಗಿ ಕಾಯುತ್ತದೆಂದು ಒಬ್ಬರು ದೂರು ತಂದರೆನ್ನಿರಿ. ರೇಡಿಯೇಟರ್ ಕಟ್ಟಿರಬಹುದು, ಪಂಖೆಯ ಬೆಲ್ಟು ಸಡಿಲಾಗಿರಬಹುದು, ಥರ್ಮೋಸ್ಟಾಟ್ ತೆರೆಯದೆ ಇರಬಹುದು, ನೀರು ಎಲ್ಲಿಯೋ ಸೋರುತ್ತಿರಬಹುದು, ಇಲ್ಲವೆ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು. ಲಕ್ಷಣ ಒಂದೇ, ಕಾರಣಗಳು ಐದಾರು. ಆಯಿಲ್ ತುಂಬುವ ಮುಚ್ಚಳದ ಒಳಬದಿಗೆ ಹಾಲಿನಂಥ ನೊರೆ ಕಂಡರೆ ಗ್ಯಾಸ್ಕೆಟ್ ಒಡೆದಿದೆಯೆಂದು ಅರೆಬಲ್ಲವನು ತೀರ್ಪು ಕೊಟ್ಟುಬಿಡುವನು. ಬಲ್ಲವನು ಹಾಗೆ ಮಾಡುವದಿಲ್ಲ. ದಿನವೂ ಸ್ವಲ್ಪ ದೂರ ಮಾತ್ರ ಓಡುವ ಗಾಡಿಯಲ್ಲಿ ಬರಿಯ ತೇವದಿಂದಲೂ ಅಂಥ ನೊರೆ ಕಟ್ಟುವದೆಂದು ಅವನಿಗೆ ಗೊತ್ತು. ಆದಕಾರಣ ನೀರಿನಲ್ಲಿ ಗುಳ್ಳೆ ಏಳುವವೋ, ಒತ್ತಡ ಕೊಟ್ಟಾಗ ನಿಲ್ಲುವದೋ ಎಂದು ಎರಡನೆಯ ಸಾಕ್ಷಿಯನ್ನು ಹುಡುಕುವನು. ಒಂದು ಸಾಕ್ಷಿಯ ಮೇಲೆ ಯಂತ್ರವನ್ನು ಬಿಚ್ಚದಿರುವ ಈ ಸಂಯಮವು, ಒಂದು ಚಾಡಿಮಾತಿನ ಮೇಲೆ ಮನೆಯನ್ನೇ ಒಡೆದುಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗಿದೆ?

ಇತ್ತೀಚಿನ ವಾಹನಗಳಲ್ಲಿ ದೋಷವನ್ನು ತೋರಿಸುವ ಸ್ಕ್ಯಾನರ್ ಯಂತ್ರಗಳು ಬಂದಿವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮವು ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಸೆನ್ಸರುಗಳು ಮತ್ತಷ್ಟು ಹೆಚ್ಚಿವೆ. ಸ್ಕ್ಯಾನರ್ ಹಚ್ಚಿದರೆ ಒಂದು ಸಂಕೇತಾಂಕ ಬರುವದು. ಆ ಅಂಕೆಯು ಯಾವ ಸೆನ್ಸರಿನ ಎಣಿಕೆ ತಪ್ಪಿದೆಯೆಂದು ಹೇಳುವದೇ ಹೊರತು ಏತಕ್ಕೆ ತಪ್ಪಿದೆಯೆಂದು ಹೇಳುವದಿಲ್ಲ. ಸೆನ್ಸರ್ ಕೆಟ್ಟಿರಬಹುದು, ಅದಕ್ಕೆ ಹೋಗುವ ತಂತಿಯನ್ನು ಇಲಿ ಕಡಿದಿರಬಹುದು, ಅಥವಾ ಸೆನ್ಸರ್ ನಿಜವನ್ನೇ ಹೇಳುತ್ತಿದ್ದು ಯಂತ್ರವೇ ಕೆಟ್ಟಿರಬಹುದು. ಅಂಕೆಯನ್ನು ನೋಡಿ ಭಾಗವನ್ನು ಬದಲಿಸುವವನು ಗಿರಾಕಿಯ ಹಣದಿಂದ ಜೂಜಾಡುತ್ತಿರುವನು. ಓದಿದ್ದು ಬೇರೆ, ಅರಿತದ್ದು ಬೇರೆಯೆಂದು ನಮ್ಮ ಹಿರಿಯರು ಬೋಧಿಸಿದ್ದು ಗ್ರಂಥಗಳಿಗಷ್ಟೇ ಅಲ್ಲ, ಈ ಅಂಕೆಗಳಿಗೂ ಸಲ್ಲುವದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನೇಯ್ದ ಬಟ್ಟೆಯನ್ನು ಕೊಳ್ಳುವವನು ಮುಟ್ಟಿ ನೋಡಬಲ್ಲನು. ಹೆಣೆದ ಬುಟ್ಟಿಯನ್ನು ಎತ್ತಿ ನೋಡಬಲ್ಲನು. ಬಾನೆಟ್ಟಿನ ಕೆಳಗಿನ ಕೆಲಸವನ್ನು ಗಾಡಿಯ ಒಡೆಯನು ಕಾಣಲಾರನು, ಕಂಡರೂ ತಿಳಿಯಲಾರನು. ಅವನ ಅಜ್ಞಾನವೇ ಮಿಸ್ತ್ರಿಯ ಕೈಯಲ್ಲಿಟ್ಟ ಒತ್ತೆ. ಆ ಒತ್ತೆಯನ್ನು ಹೇಗೆ ಕಾಯುವನು ಎಂಬುದರಲ್ಲಿ ಈ ಕಾಯಕದ ಸತ್ಯಶುದ್ಧತೆಯೆಲ್ಲ ಅಡಗಿದೆ.

ಮುಂಜಾನೆ ಗಾಡಿ ಚಾಲು ಆಗದೆ ಗೃಹಸ್ಥನೊಬ್ಬನು ಬಂದು, “ಮಿಸ್ತ್ರಿ, ಬ್ಯಾಟರಿ ಸತ್ತೈತಿ, ಹೊಸಾದು ಹಾಕಿಬಿಡು” ಎನ್ನುವನು. ಮಿಸ್ತ್ರಿಯು ಮೀಟರ್ ಹಿಡಿದು ನೋಡುವನು. ಸುಮ್ಮನಿರುವ ಒಳ್ಳೆಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟು ಇರಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು. ಅಂಕೆಗಳು ಸರಿಯಾಗಿವೆ. ಟರ್ಮಿನಲ್ಲಿನ ಮೇಲೆ ಮಾತ್ರ ಬಿಳಿ-ಹಸಿರು ಉಪ್ಪು ಕಟ್ಟಿದೆ. ಈಗ ಅವನ ಮುಂದೆ ಎರಡು ದಾರಿಗಳಿವೆ. ಹೊಸ ಬ್ಯಾಟರಿ ಮಾರಿದರೆ ಲಾಭವುಂಟು, ಕೇಳಿದವನೇ ಕೇಳಿದ್ದಾನೆ, ಗೊತ್ತಾಗುವ ಸಂಭವವಿಲ್ಲ. ಇನ್ನೊಂದು ದಾರಿ ಬಿಸಿನೀರು ಮತ್ತು ಬ್ರಶ್ಶಿನದು. “ಅಣ್ಣಾರ, ಬ್ಯಾಟರಿ ಛಲೋನ ಐತ್ರಿ. ಉಪ್ಪು ಹಿಡದೈತಿ, ಅಷ್ಟ. ರೊಕ್ಕ ಸುರೀಬ್ಯಾಡ್ರಿ” ಎಂದು ಹೇಳುವ ಮಿಸ್ತ್ರಿಯು ಆ ಕ್ಷಣದಲ್ಲಿ ಸದಾಚಾರವನ್ನು ಆಚರಿಸಿದನು. ಅದಕ್ಕೆ ಸಾಕ್ಷಿಯಾಗಿ ಅವನ ಎದೆಯ ಮೇಲಿನ ಇಷ್ಟಲಿಂಗವೊಂದೇ ಇದ್ದಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದೆ ಮುಂದೆ ಹೋಗಲಾಗದು. ಅವರ ಪತಿ ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮಿಕ್ಕಿದ್ದು ಆಸೆಯ ಗುರುತೆಂದು ಆ ತಾಯಿಯು ಅದನ್ನು ಹಿಂದಿರುಗಿಸಿ ಬರಲು ಪತಿಯನ್ನು ಕಳುಹಿದರು. ಕದ್ದ ಅಕ್ಕಿಯಲ್ಲ ಅದು, ಬೇಡಿದ ಅಕ್ಕಿಯೂ ಅಲ್ಲ. ಆದರೂ ಕಾಯಕದ ಅಳತೆಯನ್ನು ಮೀರಿದ್ದಿತು. ಗ್ಯಾರೇಜಿನಲ್ಲಿ ಬಿಲ್ಲು ಬರೆಯುವ ಪ್ರತಿಯೊಬ್ಬನೂ ತನ್ನ ಮಗ್ಗುಲಲ್ಲಿ ಲಕ್ಕಮ್ಮನವರು ಕುಳಿತಿರುವರೆಂದು ಭಾವಿಸಿದರೆ, ಹಾಕದ ಭಾಗದ ಹಣವಾಗಲಿ, ಹಳೆಯ ಭಾಗಕ್ಕೆ ಹೊಸದರ ಬೆಲೆಯಾಗಲಿ ಆ ಕಾಗದದ ಮೇಲೆ ಇಳಿಯದು. ತೆಗೆದ ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಟ್ಟು ತೋರಿಸುವ ಪದ್ಧತಿಯು ಅನೇಕ ಕಡೆಗೆ ಉಂಟು. ಅದು ಚಿಕ್ಕ ಆಚಾರ. ಆದರೆ ಬಹಳ ಶುದ್ಧವಾದ ಆಚಾರ.

ಲಾಭವನ್ನು ಬಿಡುವದಕ್ಕಿಂತ ಕಠಿಣವಾದದ್ದು ಗಿರಾಕಿಯ ಮಾತನ್ನು ಮೀರುವದು. ಬ್ರೇಕಿನ ವಿಷಯವನ್ನೇ ನೋಡಿರಿ. ಬ್ರೇಕಿನ ಎಣ್ಣೆಯು ಗಾಳಿಯೊಳಗಿನ ತೇವವನ್ನು ಮೆಲ್ಲಗೆ ಹೀರುತ್ತಿರುವದು. ತೇವ ಹೀರಿದ ಎಣ್ಣೆಯು ಬೇಗನೆ ಕುದಿಯುವದು. ನಿಪ್ಪಾಣಿಯ ಬಳಿಯ ತವಂದಿ ಘಾಟಿನಂಥ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕು ತುಳಿದಾಗ ಕಾವೇರಿ ಎಣ್ಣೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟುವವು. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುವದು, ಗಾಡಿ ಮಾತ್ರ ನಿಲ್ಲದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಬದಲಿಸಬೇಕೆಂಬುದರ ಕಾರಣವಿದು. ಪಟ್ಟಿಗಳು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರುವ ಗಾಡಿಯೊಂದು ಸಂಜೆಗೆ ಬಂದಿದೆಯೆನ್ನೋಣ. ಒಡೆಯರು ಹಿರಿಯರು, ಪರಿಚಿತರು. “ನಾಳೆ ನಸುಕಿನ್ಯಾಗ ಬೆಳಗಾವಿಗೆ ಹೋಗಬೇಕೋ ತಮ್ಮಾ, ಇದೊಂದು ಸಲ ಹ್ಯಾಂಗಾರ ನಡಸಿಕೊಡು” ಎನ್ನುವರು. “ಕಾಕಾ, ಗಾಡಿ ನಡೀತೈತ್ರಿ, ನಿಂದ್ರೂದಿಲ್ಲ. ಸಾಮಾನು ಬರೂತನಕಾ ಇಲ್ಲೇ ಇರಲಿ. ನಾಳೆ ಬಸ್ಸಿಗೆ ಹೋಗಿ ಬರ್ರಿ” ಎನ್ನಲು ಮಿಸ್ತ್ರಿಗೆ ಧೈರ್ಯ ಬೇಕು. ಹಿರಿಯರು ಮುನಿಯಬಹುದು, ಗಿರಾಕಿ ಕೈತಪ್ಪಬಹುದು. ಆದರೆ ಆ ಗಾಡಿಯ ಮುಂದೆ ಬರುವ ಮಗುವಿನ ಹೆಸರು ಅವನಿಗೂ ಗೊತ್ತಿಲ್ಲ, ಹಿರಿಯರಿಗೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವರ ಪರವಾಗಿ ನಿಲ್ಲುವದೇ ಗಣಾಚಾರ. ಗಣಾಚಾರವೆಂದರೆ ಧರ್ಮಕ್ಕಾಗಿ ದೊಡ್ಡ ದನಿಯಲ್ಲಿ ಕೂಗುವದೆಂದು ತಿಳಿದವರುಂಟು. ಮೆಲುದನಿಯಲ್ಲಿ ‘ಒಲ್ಲೆ’ ಎನ್ನುವದೂ ಗಣಾಚಾರವೇ.

ಇದೇ ಮಾತು ಕಬ್ಬಿನ ಟ್ರೇಲರಿಗೂ ಸಲ್ಲುವದು. ಹಿಂದೀಪವಿಲ್ಲದ ಟ್ರೇಲರು ಕತ್ತಲಲ್ಲಿ ರಸ್ತೆಯ ನಡುವೆ ನಿಂತರೆ ಹಿಂದಿನಿಂದ ಬರುವ ಬೈಕಿನವನಿಗೆ ಅದು ಗೋಡೆಯಂತೆ. ದೀಪದ ತಂತಿಯನ್ನು ಜೋಡಿಸುವದು, ಕೆಂಪು ಪ್ರತಿಫಲಕದ ಪಟ್ಟಿಯನ್ನು ಅಂಟಿಸುವದು ಅಲ್ಪ ವೆಚ್ಚದ, ಅಲ್ಪ ವೇಳೆಯ ಕೆಲಸ. ಹಂಗಾಮಿನ ಗಡಿಬಿಡಿಯಲ್ಲಿ ಟ್ರ್ಯಾಕ್ಟರಿನ ಇಂಜಿನ್ನಿಗೆ ಸಿಗುವ ಲಕ್ಷ್ಯವು ಇದಕ್ಕೆ ಸಿಗುವದಿಲ್ಲ. ಕೇಳದಿದ್ದರೂ ಅದನ್ನು ಸರಿಮಾಡಿ ಕಳುಹುವ ಮಿಸ್ತ್ರಿಯು ಆ ರಾತ್ರಿ ಮಾಡಿದ ದಾಸೋಹವು ಅವನ ಅರಿವಿಗೂ ಬಾರದೆ ಹೋಗುವದು.

ತಾಳ್ಮೆಯ ಪರೀಕ್ಷೆಯನ್ನು ಈ ಸೀಮೆಯು ಪ್ರವಾಹದಲ್ಲಿ ಕಂಡಿದೆ. 2019ರ ಅಗಸ್ಟ್ ತಿಂಗಳಲ್ಲಿಯೂ ಮತ್ತೆ 2021ರ ಜುಲೈ ತಿಂಗಳಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಡ ಮೀರಿ ಹರಿದವು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು ಬಂದು ಸಂಚಾರ ನಿಂತಿತು. ನೆರೆಯಲ್ಲಿ ಮುಳುಗಿದ ಗಾಡಿಯ ಒಡೆಯನಿಗೆ ನೀರು ಇಳಿದೊಡನೆ ಕೀಲಿ ತಿರುಗಿಸಿ ನೋಡುವ ಆತುರ. ಅದೇ ದೊಡ್ಡ ಹಾನಿ. ಗಾಳಿಯು ಒತ್ತಿದರೆ ಕುಗ್ಗುವದು, ನೀರು ಕುಗ್ಗುವದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಪಿಸ್ಟನ್ ಮೇಲಕ್ಕೇರಿದರೆ ಕನೆಕ್ಟಿಂಗ್ ರಾಡ್ ಬಾಗುವದು. ತೊಳೆದು ಉಳಿಸಿಕೊಳ್ಳಬಹುದಾಗಿದ್ದ ಇಂಜಿನ್ ಒಂದು ಕ್ಷಣದಲ್ಲಿ ಮುರಿಯುವದು. ಬಲ್ಲವನು ಮೊದಲು ಬ್ಯಾಟರಿಯ ತಂತಿಯನ್ನು ಕಳಚುವನು, ಆಯಿಲ್ ಇಳಿಸುವನು, ಪೆಟ್ರೋಲ್ ಗಾಡಿಯಾದರೆ ಪ್ಲಗ್ಗುಗಳನ್ನು, ಡೀಸೆಲ್ ಗಾಡಿಯಾದರೆ ಇಂಜೆಕ್ಟರುಗಳನ್ನು ತೆಗೆದು, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಗೆಡಹುವನು. ದುಃಖದ ನೀರು ಮನೆಯೊಳಗೆ ಹೊಕ್ಕಾಗಲೂ ಕ್ರಮವಿದೇ ಅಲ್ಲವೇ? ಮೊದಲು ಒಳಗೆ ನಿಂತದ್ದು ಹೊರಗೆ ಹೋಗಬೇಕು. ಆಮೇಲೆ ಬಾಳನ್ನು ಚಾಲು ಮಾಡಬೇಕು.

ಈ ಉದ್ಯೋಗವು ಕೀಳೆಂದೂ ಗಂಡಸರಿಗಷ್ಟೇ ಸೇರಿದ್ದೆಂದೂ ಭಾವಿಸುವವರು ಅದರ ಮೊದಲ ಪುಟವನ್ನು ತಿರುವಿ ನೋಡಬೇಕು. ಜರ್ಮನಿಯ ಕಾರ್ಲ್ ಬೆಂಝನು 1886ರಲ್ಲಿ ತನ್ನ ಮೋಟಾರು ಬಂಡಿಗೆ ಹಕ್ಕುಪತ್ರ ಪಡೆದನು. ಜನರು ಅದನ್ನು ನಂಬಲಿಲ್ಲ. 1888ರ ಅಗಸ್ಟಿನಲ್ಲಿ ಅವನ ಪತ್ನಿ ಬರ್ಥಾ ಬೆಂಝಳು ತನ್ನ ಇಬ್ಬರು ಗಂಡುಮಕ್ಕಳೊಡನೆ ಆ ಬಂಡಿಯನ್ನೇರಿ ಮ್ಯಾನ್‌ಹೈಮ್ ಊರಿನಿಂದ ಫೋರ್ಟ್ಸ್‌ಹೈಮ್ ಊರಿಗೆ 100 ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಿದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿ ಬರಿದಾದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಬ್ರೇಕಿನ ಮರದ ತುಂಡುಗಳು ಸವೆದಾಗ ಹಳ್ಳಿಯ ಚಮ್ಮಾರನೊಬ್ಬನಿಂದ ಅವಕ್ಕೆ ತೊಗಲನ್ನು ಹೊಡೆಸಿಕೊಂಡಳು. ಮೋಟಾರಿನ ಮೊದಲ ದೂರಪ್ರಯಾಣವನ್ನು ಗುರಿ ಮುಟ್ಟಿಸಿದ್ದು ಒಬ್ಬ ತಾಯಿಯ ಅರಿವು ಮತ್ತು ಒಬ್ಬ ಚಮ್ಮಾರನ ತೊಗಲು. ಅಥಣಿಯ ಚಪ್ಪಲಿಗಳನ್ನು ಮೆಟ್ಟಿ ನಡೆಯುವ ನಮಗೆ, ಹರಳಯ್ಯನವರ ಕಾಯಕವನ್ನು ಸ್ಮರಿಸುವ ನಮಗೆ, ಇದು ಅನ್ಯದೇಶದ ಕಥೆಯಾಗಿ ತೋರಬೇಕಾಗಿಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲ, ಹೆಣ್ಣು-ಗಂಡಿಲ್ಲವೆಂಬ ಶಿವಾಚಾರವನ್ನು ನಮ್ಮ ಶರಣರು ಅದಕ್ಕೂ ಏಳು ಶತಮಾನಗಳ ಮುಂಚೆಯೇ ಸಾರಿದ್ದರು. ನಿಮ್ಮ ಮಗಳಿಗೆ ಯಂತ್ರಗಳಲ್ಲಿ ಮನಸ್ಸಿದ್ದರೆ ಐ.ಟಿ.ಐ.ಗೆ ಕಳುಹಲು ಹಿಂಜರಿಯಬೇಡಿರಿ.

ಇದುವರೆಗೆ ಮಿಸ್ತ್ರಿಯ ಧರ್ಮವನ್ನು ಹೇಳಿದೆವು. ಗಾಡಿಯ ಒಡೆಯನ ಧರ್ಮವನ್ನು ಹೇಳದೆ ಬಿಟ್ಟರೆ ಈ ಉಪದೇಶವು ಏಕಪಕ್ಷೀಯವಾದೀತು. ಮೊದಲನೆಯದಾಗಿ, ದೋಷವನ್ನು ಹುಡುಕುವದೂ ಕೆಲಸವೆಂದು ತಿಳಿಯಿರಿ. “ಏನೂ ಬದಲಿಸಲಿಲ್ಲ, ಒಂದು ಬೋಲ್ಟು ಬಿಗಿ ಮಾಡಿದನು, ಅದಕ್ಕೇನು ರೊಕ್ಕ?” ಎನ್ನುವವರುಂಟು. ಬಿಗಿ ಮಾಡಿದ್ದಕ್ಕೆ ಅಲ್ಲ. ನೂರಾರು ಬೋಲ್ಟುಗಳಲ್ಲಿ ಯಾವುದನ್ನು ಬಿಗಿ ಮಾಡಬೇಕೆಂದು ಅರಿತದ್ದಕ್ಕೆ ಆ ಕೂಲಿ. ಅರಿವಿಗೆ ಕೂಲಿ ಕೊಡದೆ ಭಾಗಕ್ಕೆ ಮಾತ್ರ ಹಣ ಕೊಡುವ ಗಿರಾಕಿಯೇ, ಬೇಡದ ಭಾಗಗಳನ್ನು ಬದಲಿಸುವ ದುರಭ್ಯಾಸವನ್ನು ಮಿಸ್ತ್ರಿಗೆ ಕಲಿಸುವನು. ಎರಡನೆಯದಾಗಿ, ಉದ್ರಿ ಉಳಿಸಿಕೊಂಡು ತಿಂಗಳುಗಟ್ಟಲೆ ಅಲೆಸಬೇಡಿರಿ. ಬಿಡಿಭಾಗದ ಅಂಗಡಿಯವನಿಗೆ ಅವನು ರೋಖು ಕೊಟ್ಟು ತಂದಿರುವನು. ಮೂರನೆಯದಾಗಿ, “ಇನ್ನೂ ಗೊತ್ತಾಗಲಿಲ್ರಿ, ನಾಳೆ ಮತ್ತ ನೋಡ್ತೀನಿ” ಎಂದು ಮಿಸ್ತ್ರಿಯು ಹೇಳಿದರೆ ಅವನನ್ನು ಹೀಯಾಳಿಸಬೇಡಿರಿ. ತಿಳಿಯದ್ದನ್ನು ತಿಳಿಯದೆಂದು ಒಪ್ಪುವದು ಭೃತ್ಯಾಚಾರದ ಲಕ್ಷಣ. ಅದನ್ನು ಹೀಯಾಳಿಸಿದರೆ ಮುಂದಿನ ಸಲ ಸುಳ್ಳು ಹೇಳುವನು. ಆ ಸುಳ್ಳಿನಲ್ಲಿ ಅರ್ಧ ಪಾಲು ನಿಮ್ಮದು.

ಗ್ಯಾರೇಜಿನ ಯಜಮಾನರಿಗೂ ಎರಡು ಮಾತುಗಳಿವೆ. ಪಾನಾ ಹಿಡಿದು ಕೊಡಲು ಚಿಕ್ಕ ಹುಡುಗರನ್ನು ನಿಲ್ಲಿಸಿಕೊಳ್ಳುವದು ಹಿಂದಿನಿಂದ ಬಂದ ರೂಢಿಯೆಂದು ಕೆಲವರು ಹೇಳುವರು. 1986ರ ಬಾಲಕಾರ್ಮಿಕ ಕಾಯಿದೆಯು 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಪರರ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವದು ಅಪರಾಧವಾಗಿದೆ. ಕಾಯಿದೆಯ ಮಾತು ಹಾಗಿರಲಿ, ಓದುವ ವಯಸ್ಸಿನ ಕೂಸಿನ ಅರಿವನ್ನು ಕಸಿದು ಮಾಡಿದ ಕೆಲಸವು ಕಾಯಕವೆನಿಸದು. ಇನ್ನೊಂದು, ಇಳಿಸಿದ ಹಳೆಯ ಆಯಿಲನ್ನು ಗಟಾರಕ್ಕೆ ಸುರಿಯಬೇಡಿರಿ. ಗಟಾರವು ಹಳ್ಳಕ್ಕೆ, ಹಳ್ಳವು ಕೃಷ್ಣೆಗೆ ಸೇರುವದು. ಅದೇ ನೀರಿನಿಂದ ನಾವು ಲಿಂಗಕ್ಕೆ ಮಜ್ಜನ ಮಾಡಿಸುವೆವು. ಡಬ್ಬಿಯಲ್ಲಿ ಕೂಡಿಟ್ಟು ಅದನ್ನು ಶುದ್ಧೀಕರಿಸುವ ಅಧಿಕೃತರಿಗೆ ಒಪ್ಪಿಸಿರಿ.

ಶರಣಬಂಧುಗಳೇ, ಯಂತ್ರವು ಸುಳ್ಳು ಹೇಳದು. ಹೊಗೆಯಿಂದ, ಸದ್ದಿನಿಂದ, ಕಾವಿನಿಂದ ತನ್ನ ದೋಷವನ್ನು ತಾನೇ ಹೊರಹಾಕುವದು. ಮನುಷ್ಯನು ಹಾಗಲ್ಲ. ಒಳಗಿನ ಸದ್ದನ್ನು ಮುಚ್ಚಿ ಹೊರಗೆ ಬಣ್ಣ ಬಳಿದುಕೊಳ್ಳುವ ವಿದ್ಯೆಯು ಅವನಿಗೆ ಒಲಿದಿದೆ. ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ, ಚಾಲು ಇರುವ ಇಂಜಿನ್ನಿನ ಮುಂದೆ ಮಿಸ್ತ್ರಿಯು ನಿಲ್ಲುವಂತೆ ನಮ್ಮ ಮುಂದೆ ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಲಿಸೋಣ. ನಿನ್ನೆ ಯಾರಿಗೆ ಸಿಟ್ಟಿನ ಮಾತಾಡಿದೆ, ಯಾರ ಕೂಲಿಯನ್ನು ಉಳಿಸಿಕೊಂಡೆ, ಯಾವ ಕಾಣದ ಕೆಲಸದಲ್ಲಿ ಕೈಬಿಟ್ಟೆ ಎಂದು ಕೇಳಿಕೊಳ್ಳೋಣ. ದೋಷ ಸಿಕ್ಕರೆ ಅಂದೇ ಸರಿಪಡಿಸೋಣ; ಸಿಗದಿದ್ದರೆ ಮರುದಿನ ಮತ್ತೆ ಕುಳಿತುಕೊಳ್ಳೋಣ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮಿಸ್ತ್ರಿಯನ್ನು ಹೆಸರಿಟ್ಟು ಗೌರವದಿಂದ ಮಾತಾಡಿಸಿರಿ, ಅವನ ಕೂಲಿಯನ್ನು ಅಂದೇ ಕೊಡಿರಿ. ರಸ್ತೆಬದಿಯಲ್ಲಿ ಗಾಡಿಯ ಕೆಳಗೆ ಅಂಗಾತ ಮಲಗಿ ದುಡಿಯುವ ಆ ಎಲ್ಲ ಕಾಯಕಜೀವಿಗಳ ಕಣ್ಣು ಕೈಗಳನ್ನು ಗುರುಬಸವಣ್ಣನು ಕಾಪಾಡಲಿ. ಅವರ ಕೈಯಿಂದ ಹೊರಟ ಪ್ರತಿಯೊಂದು ವಾಹನವೂ ನಿಲ್ಲಬೇಕಾದಲ್ಲಿ ನಿಂತು, ಸೇರಬೇಕಾದ ಮನೆಯನ್ನು ಸುಖವಾಗಿ ಸೇರಲೆಂದು ಹಾರೈಸುತ್ತೇವೆ.